ಹರಿಹರದ ಮಾಳಿಗೆಯ ಕಂಚಿನ ತಟ್ಟೆ

ದಾವಣಗೆರೆ
ಭಾನುವಾರ, ೧೯-೭-೧೯೫೯

ಚಿರಂಜೀವಿ ಸೌಭಾಗ್ಯವತಿ ಉಮಾಮಹೇಶ್ವರಿಗೆ,

ನಿನ್ನ ಅಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿನ್ನ ತಾಯಿಗೆ ಮಂಡಿನೋವು, ನನಗೆ ಮೈತುಂಬ ದಣಿವು, ಅವೆರಡನ್ನು ಬಿಟ್ಟರೆ ಉಳಿದದ್ದೆಲ್ಲ ಕ್ಷೇಮವೇ. ನೀನು, ಅಳಿಯಂದಿರು, ಮಗು, ಬೀಗರು ಕಲ್ಲೇಶಪ್ಪನವರು ಎಲ್ಲರೂ ಚೆನ್ನಾಗಿದ್ದೀರೆಂದು ಭಾವಿಸಿದ್ದೇನೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ನಾಳೆ ಬರೆಯೋಣ, ನಾಳೆ ಬರೆಯೋಣ ಎಂದು ತಳ್ಳಿಕೊಂಡು ಬಂದೆ, ಕೋಪ ಮಾಡಿಕೊಳ್ಳಬೇಡ. ಪಾಳಿ ಮುಗಿಸಿ ಬಂದರೆ ಲೇಖನಿ ಹಿಡಿಯುವ ತ್ರಾಣ ಇರುವುದಿಲ್ಲ ಎನ್ನುವುದು ಒಂದು ನೆಪ. ಏನು ಬರೆಯಬೇಕೆಂದೇ ತಿಳಿಯಲಿಲ್ಲ ಎನ್ನುವುದು ನಿಜ. ಇವತ್ತು ಮಿಲ್ಲಿಗೆ ರಜೆ. ಊಟವಾದ ಮೇಲೆ ನಿನ್ನ ತಾಯಿ ದೌತಿ, ಲೇಖನಿ, ಕಾಗದ ತಂದು ಎದುರಿಗೆ ಕುಕ್ಕಿ, "ಬರೀತೀರೋ, ಇಲ್ಲ ನಾನೇ ಹರಿಹರದ ಗಾಡಿ ಹತ್ಲೋ? ಅಪ್ಪ ಮಗಳು ಇಬ್ರೂ ಮುಖ ಊದಿಸ್ಕಂಡು ಕುಂತ್ರೆ ನಡುವೆ ನನ್ ಜೀವ ಹೋಗ್ತೈತೆ" ಎಂದಳು. ನಿನ್ನ ತಾಯಿ ಗಿರಿಯಮ್ಮನವರಿಗೆ ಈಗೀಗ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ ಕಣವ್ವ. ಇನ್ನೊಂದು ರೊಟ್ಟಿ ಬೇಕೋ ಎಂದು ಕೇಳುವುದಕ್ಕೂ ಬೀದಿಗೆಲ್ಲ ಡಂಗುರ ಹೊಡೆದಂತೆ ಕೂಗುತ್ತಾಳೆ. ಸೊಪ್ಪು ಮಾರುವವಳು ನಿಂತು ನೋಡಿ ನಗುತ್ತಾಳೆ. ನಾನು ಸುಮ್ಮನೆ "ಹೂಂ" ಅಂದುಬಿಡುತ್ತೇನೆ. ಹಾಗಾಗಿ ಬೇಡದ ರೊಟ್ಟಿಯನ್ನೂ ಎಷ್ಟೋ ಸಲ ತಿಂದಿದ್ದೇನೆ.

ಊರ ಸಮಾಚಾರ ಹೆಚ್ಚೇನಿಲ್ಲ. ಪಕ್ಕದ ಮನೆಯ ಊರಮ್ಮನ ಕಿರಿಮಗಳಿಗೆ ಹದಡಿಯ ಕಡೆ ಗಂಡು ಗೊತ್ತಾಗಿದೆ. ಮಳೆ ಬಂದಂತೆ ಮಾಡಿ ಹೋಗುತ್ತಿದೆ. ನಮ್ಮ ಮಿಲ್ಲಿನ ಲೈನ್‌ಮನೆಗಳಲ್ಲಿ ಈ ವರ್ಷ ಗುಬ್ಬಿಗಳು ಕಡಿಮೆಯಾದವೋ ಏನೋ, ಬೆಳಗಿನ ಹೊತ್ತು ಚಿಲಿಪಿಲಿ ಇಲ್ಲ. ಮೂಲೆ ಹೋಟೆಲಿನ ರೇಡಿಯೋ ಕೆಟ್ಟು ಕೂತಿದೆ, ಗೊರಗೊರ ಬಿಟ್ಟರೆ ಬೇರೇನೂ ಹೇಳುವುದಿಲ್ಲ. ಆದರೂ ಜನ ಅದರ ಮುಂದೆ ಬಾಯಿ ತೆರೆದುಕೊಂಡು ಕೂರುತ್ತಾರೆ. ಅವರಿಗೆ ಅದೇನು ಸುಖವೋ.

ಸರಿ, ಸುತ್ತಿ ಬಳಸಿ ಯಾಕೆ? ಮ್ಯಾಚಿನ ವಿಷಯಕ್ಕೇ ಬರುತ್ತೇನೆ.

ನಿನಗೆ ನೆನಪಿರಬೇಕು, ನೀನು ಎರಡು ಜಡೆ ಹಾಕಿಕೊಂಡು ನನ್ನ ಹಿಂದೆ ಫುಟ್‌ಬಾಲು ನೋಡಲು ಬರುತ್ತಿದ್ದದ್ದು. ಚೆಂಡು ಯಾರ ಕಾಲಲ್ಲಿದೆ ಎಂದು ನಾವಿಬ್ಬರೂ ಸರಿಯಾಗಿ ನೋಡಿದವರೇ ಅಲ್ಲ. ನಮಗೆ ಬೇಕಾದದ್ದು ಗದ್ದಲ. ನನ್ನ ಸೊಂಟದಲ್ಲಿ ಸಮಾಳ, ಶಬ್ಬೀರನ ಕೊರಳಲ್ಲಿ ತಾಸೆ, ಹಿಂದೆ ಇಬ್ಬರು ಕಹಳೆಯವರು, ಆಮೇಲೆ ಮಿಲ್ಲಿನ ನೂಲಿನ ಖಾತೆಯ ಹುಡುಗರು ಡಾಲ್ಡಾ ಡಬ್ಬಿಯೊಳಗೆ ಮುರಿದ ಬಾಬಿನ್ ತುಂಬಿಕೊಂಡು ಗಲಗಲ ಅನ್ನಿಸುವವರು. ಯಾರೋ ಒಬ್ಬ ಲಾರಿಯ ಹಾರ್ನನ್ನೇ ಬಿಚ್ಚಿಕೊಂಡು ಬಂದಿದ್ದನಲ್ಲ, ಪೋಂ ಅಂದಾಗಲೆಲ್ಲ ನೀನು ಕುಣಿಯುತ್ತಿದ್ದೆ. ನನಗೂ ಏನಾದರೂ ಕೊಡು ಎಂದು ಹಟ ಹಿಡಿದೆ. ಹೆಣ್ಣುಹುಡುಗಿಗೆ ಸಮಾಳ ಕಟ್ಟಿದರೆ ನಿನ್ನ ತಾಯಿ ನನ್ನನ್ನು ಮನೆಗೆ ಸೇರಿಸುತ್ತಿರಲಿಲ್ಲ. ಅದಕ್ಕೆ ಉಣ್ಣುವ ಕಂಚಿನ ತಟ್ಟೆಯನ್ನೇ ತಂದು, ಸೌಟಿನ ಹಿಡಿಯನ್ನು ಕೈಗೆ ಕೊಟ್ಟೆ. ಎಂಥಾ ನಾದ ಅದರದು! ನಮ್ಮ ಅಷ್ಟೂ ಗದ್ದಲವನ್ನು ಸೀಳಿಕೊಂಡು ಠಣ್ ಎಂದು ಮೇಲೆ ಹೋಗುತ್ತಿತ್ತು.

ದೊಡ್ಡವರು ನನ್ನನ್ನು ಬೈದದ್ದುಂಟು. ವೀರಭದ್ರ ದೇವರ ಮುಂದೆ ನಿಮ್ಮಪ್ಪ ಬಾರಿಸಿದ ಸಮಾಳವನ್ನು ಚರ್ಮದ ಚೆಂಡಿನ ಮುಂದೆ ಬಾರಿಸ್ತೀಯಲ್ಲೋ ಎಂದರು. ದೇವರಿಗೆ ಬಾರಿಸೋ ದಿನ ದೇವರಿಗೆ ಬಾರಿಸ್ತೀನಿ, ಉಳಿದ ದಿನ ಅದೂ ಸುಮ್ನೆ ಕುಂತು ಏನ್ ಮಾಡ್ತದೆ ಎಂದೆ. ಅವರಿಗೆ ಹೇಳಲಾಗದ ಮಾತು ನಿನಗೆ ಹೇಳುತ್ತೇನೆ. ಮಗ್ಗದ ಖಾತೆಯಲ್ಲಿ ವಾರವೆಲ್ಲ ನನ್ನ ತಲೆಯ ಮೇಲೆ ಬೀಳುವ ಗದ್ದಲ ನನ್ನದಲ್ಲ. ಅದನ್ನು ಶುರು ಮಾಡುವವರೂ ಬೇರೆ, ನಿಲ್ಲಿಸುವವರೂ ಬೇರೆ. ಬಯಲಿನಲ್ಲಿ ಸೊಂಟಕ್ಕೆ ಸಮಾಳ ಬಿಗಿದು ನಿಂತರೆ ಮಾತ್ರ ಆ ಗದ್ದಲ ನನ್ನದು. ಅಷ್ಟೊಂದು ಸದ್ದು ನಾನೇ ಮಾಡಬಲ್ಲೆ ಎಂದು ಹಿಗ್ಗಾಗುತ್ತಿತ್ತು. ಈ ಜನ್ಮದಲ್ಲಿ ನಾನು ಖುಷಿಯಾಗಿದ್ದದ್ದು ಹೆಚ್ಚಾಗಿ ಅಲ್ಲೇ, ನಿನ್ನ ತಾಯಿ ಇದನ್ನು ಓದಿದರೆ ಓದಲಿ.

ನಿನ್ನ ಮದುವೆಯಾದ ವರ್ಷದ ಮ್ಯಾಚನ್ನಂತೂ ಸಾಯುವ ತನಕ ಮರೆಯಲಾರೆ. ಹರಿಹರದ ಹೊಳೆ ದಂಡೆಯ ಬಯಲು, ಅದಕ್ಕೆ ಬೆನ್ನು ಕೊಟ್ಟಂತೆ ನಿನ್ನ ಗಂಡನ ಮನೆ. ದಾವಣಗೆರೆಯವರು ನಾವು ರೈಲಿಳಿದು ಬಾರಿಸುತ್ತ ಬಯಲಿಗೆ ಕಾಲಿಟ್ಟೆವು. ಹರಿಹರದ ಮಾಳಿಗೆಯ ಮೇಲಿಂದ ಠಣ್ ಎಂದಿತು! ನಾನು ಕೈ ನಿಲ್ಲಿಸಿಬಿಟ್ಟೆ. ಶಬ್ಬೀರ್ "ಅರೆ, ನಮ್ ಉಮಾ ಅಲ್ವೇನ್ರಿ ಅದು!" ಎಂದು ಕುಣಿದ. ಹರಿಹರದವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದಾರೆ, ಹೊಸ ಸೊಸೆ ಸೆರಗು ಹೊದ್ದು ತವರೂರಿಗೆ ತಟ್ಟೆ ಬಾರಿಸುತ್ತಿದ್ದಾಳೆ! ಕಲ್ಲೇಶಪ್ಪನವರು ಆವತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಉಣ್ಣೋದು ನಮ್ ಮನ್ಯಾಗೆ, ಬಡಿಯೋದು ತವರಿಗೆ, ಹೆಂಗೈತೆ ನೋಡ್ರಿ ನಮ್ ಸೊಸಿ" ಎಂದರು. ಅಲ್ಲಿಂದ ಅದೊಂದು ಪದ್ಧತಿಯಾಯಿತು. ನಾನು ಬಯಲಿಗೆ ಬಂದು ಮೊದಲ ಪೆಟ್ಟು ಹಾಕುವುದು, ನೀನು ಮಾಳಿಗೆಯಿಂದ ಜವಾಬು ಕೊಡುವುದು. ಮ್ಯಾಚು ಮುಗಿದ ಮೇಲೆ ಗೆದ್ದರೂ ಸೋತರೂ ನಿನ್ನ ಮನೆಯ ಕಟ್ಟೆಯ ಮೇಲೆ ಕೂತು ನಮ್ಮ ಮೇಳದವರೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಸ್ಟೇಷನ್ನಿಗೆ ಹೋಗುವುದು.

ಈ ವರ್ಷ ಮಾತ್ರ ಎಲ್ಲ ಕೆಟ್ಟಿತು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಬರೆಯುತ್ತೇನೆ, ನೀನು ಓದಿಕೋ.

ಚೈತ್ರದಲ್ಲಿ ನಿನ್ನ ಮನೆಯಲ್ಲಿ ಮಗುವಿನ ಜವಳ ಆಯಿತಲ್ಲ. ಅಂಗಡಿಯವರು, ಆಫೀಸಿನವರು ಎಲ್ಲ ಬಂದಿದ್ದರು. ಕಲ್ಲೇಶಪ್ಪನವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇವ್ರು ನಮ್ ಬೀಗ್ರು ಉಜ್ಜನಪ್ಪನೋರು. ಮಿಲ್ಲಿನಾಗೆ ಅದಾರೆ. ಚೆಂಡಾಟಕ್ಕೆ ಸಮಾಳ ಬಡಿಯಾಕೆ ಎತ್ತಿದ ಕೈ" ಎಂದರು. ಬಂದವರು ನಕ್ಕರು. ಕಲ್ಲೇಶಪ್ಪನವರದು ಕೆಟ್ಟ ಮನಸ್ಸಲ್ಲ, ಗೊತ್ತು. ನನಗೆ ನಾಟಿದ್ದು ಅವರ ಮಾತಲ್ಲ. ನೀನು ಎಲೆ ಅಡಿಕೆ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ತಲೆ ತಗ್ಗಿಸಿಕೊಂಡು ಒಳಗೆ ಹೋದೆ. ಒಂದು ಮಾತೂ ಆಡಲಿಲ್ಲ. ಮಗಳಿಗೆ ನನ್ನಿಂದ ನಾಚಿಕೆಯಾಯಿತು ಎಂದುಕೊಂಡೆ. ಎರಡು ತಿಂಗಳು ಅದನ್ನೇ ಮೆಲುಕು ಹಾಕಿದೆ. ನಿನ್ನ ತಾಯಿಗೂ ಹೇಳಲಿಲ್ಲ.

ಹೋಗಲಿ, ಮ್ಯಾಚಿಗೆ ಹೋದರೆ ತಿಳಿಯುತ್ತದೆ ಎಂದುಕೊಂಡೆ. ತಟ್ಟೆ ಬಾರಿಸಿದಳೋ, ಎಲ್ಲ ನನ್ನ ಭ್ರಮೆ. ಬಾರಿಸಲಿಲ್ಲವೋ, ಇನ್ನು ಮೇಲೆ ಹರಿಹರದ ಕಡೆ ಸಮಾಳ ಕಟ್ಟಿಕೊಂಡು ತಲೆ ಹಾಕಬಾರದು. ಕಾರಹುಣ್ಣಿಮೆ ಆದ ಮೇಲಿನ ಭಾನುವಾರ ಗಾಡಿ ಹತ್ತುವಾಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಯಾರು ಗೆದ್ದರೆ ನನಗೇನು?

ಬಯಲಿಗೆ ಬಂದು ಮೊದಲ ಪೆಟ್ಟು ಹಾಕಿದೆ. ನೀನು ಮಾಳಿಗೆಯ ಮೇಲೆ, ಮೋಟುಗೋಡೆಯ ಹಿಂದೆ ನಿಂತಿದ್ದೆ. ಹಸಿರು ಸೀರೆ. ಎದೆಯವರೆಗೆ ಗೋಡೆ ಮರೆ. ನಿಂತಿದ್ದೀಯ, ನನ್ನ ಕಡೆಗೇ ನೋಡುತ್ತಿದ್ದೀಯ, ಆದರೆ ಜವಾಬಿಲ್ಲ. ಮತ್ತೆ ಹಾಕಿದೆ. ಇಲ್ಲ. ಅರ್ಧ ಆಟ ಮುಗಿಯಿತು, ಹರಿಹರದವರು ಒಂದು ಗೋಲು ಹೊಡೆದರು, ಅವರ ಕಡೆಯ ಬ್ಯಾಂಡಿನವರು ಕುಣಿದರು. ನನಗೆ ಅದ್ಯಾವುದೂ ಬೇಕಿರಲಿಲ್ಲ. ರಟ್ಟೆ ಬಿದ್ದುಹೋಗಲಿ ಎಂದು ಬಾರಿಸಿದೆ. ಬಾರಿಸವ್ವ, ಒಂದೇ ಒಂದು ಪೆಟ್ಟು ಹಾಕವ್ವ, ಸಾಕು ಎಂದು ಒಳಗೊಳಗೇ ಬೇಡಿಕೊಂಡೆ.

ಆಟ ಮುಗಿಯಲು ಬಂದಾಗ ನಮಗೆ ಪೆನಾಲ್ಟಿ ಸಿಕ್ಕಿತು. ಪೆನಾಲ್ಟಿ ಒದೆಯುವಾಗ ಎರಡೂ ಊರಿನ ವಾದ್ಯಗಳು ಬಾಯಿ ಮುಚ್ಚಬೇಕು, ರೆಫರಿ ಸೀಟಿ ಊದಿದರೆ ಇಡೀ ಬಯಲು ಉಸಿರು ಬಿಗಿ ಹಿಡಿಯಬೇಕು. ಹಿಂದೆ ಜಗಳವಾಗಿ ಎರಡೂ ಕಡೆಯ ಹಿರಿಯರು ಕೂತು ಮಾಡಿದ ಕಟ್ಟಳೆ ಅದು. ಸೀಟಿ ಆಯಿತಂತೆ. ಎಲ್ಲರೂ ನಿಲ್ಲಿಸಿದರಂತೆ. ನಾನು ನಿಲ್ಲಿಸಲಿಲ್ಲ. ನನ್ನ ಕಣ್ಣು ನಿನ್ನ ಮಾಳಿಗೆಯ ಮೇಲೆಯೇ ಇತ್ತು. ಒದೆಯಲು ಓಡಿ ಬಂದ ನಮ್ಮ ಮೈಲಪ್ಪ ಬೆಚ್ಚಿ ನನ್ನ ಕಡೆ ತಿರುಗಿದ, ಚೆಂಡು ಕಂಬದ ಮೇಲೆ ಹಾದು ಹೊಳೆಯ ಕಡೆ ಹೋಯಿತು. ಶಬ್ಬೀರ್ ನನ್ನ ಎರಡೂ ಕೈ ಹಿಡಿದು ಎದುರಿಗೆ ನಿಂತ. "ಯಾಕಣ್ಣಾ, ಏನಾತು ನಿಂಗೆ? ಸೀಟಿ ಆತಲ್ಲಣ್ಣಾ!" ಎಂದ. ಹರಿಹರದ ಜನ ನಗುತ್ತಿದ್ದರು. ನಮ್ಮವರು ಯಾರೂ ನಗುತ್ತಿರಲಿಲ್ಲ.

ಸೋತವರು ಬಾರಿಸಿಕೊಂಡು ವಾಪಸ್ಸು ಹೋಗುವಂತಿಲ್ಲ, ವಾದ್ಯಗಳನ್ನು ಬಿಚ್ಚಿ ತಲೆಯ ಮೇಲೆ ಹೊತ್ತುಕೊಂಡು ಸ್ಟೇಷನ್ನಿನವರೆಗೆ ನಡೆಯಬೇಕು. ಅದೂ ಕಟ್ಟಳೆಯೇ. ನಿನ್ನ ಮನೆಯ ಮುಂದೆಯೇ ಹಾದೆವು. ಬೇರೆಯವರು ಕಟ್ಟೆಯ ಹತ್ತಿರ ಹೆಜ್ಜೆ ನಿಧಾನ ಮಾಡಿದರು. ನಾನು ಮಾಡಲಿಲ್ಲ. ಸಮಾಳ ತಲೆಯ ಮೇಲಿದ್ದರೆ ಕತ್ತು ತಿರುಗದು, ಅದೂ ಒಂದು ಅನುಕೂಲವೇ ಆಯಿತು. ಕಣ್ಣಲ್ಲಿ ನೀರು ಬಂದಿತ್ತು, ಮಗಳ ಮನೆಯ ಬಾಗಿಲಲ್ಲಿ ಅಳುವುದು ಬೇಡವೆಂದು ಬಿರಬಿರನೆ ನಡೆದೆ. ನನ್ನ ಹಿಂದೆ ಅವರೂ ಬಂದರು, ಏನು ಮಾಡುತ್ತಾರೆ ಪಾಪ.

ಆಮೇಲೆ ನಿನ್ನ ಕಾಗದ ಬಂತು. ನೀನು ಬರೆದದ್ದನ್ನು ನಾನು ಎಷ್ಟು ಸಲ ಓದಿದೆನೆಂದರೆ ಬಾಯಿಪಾಠ ಆಗಿದೆ. "ಅಪ್ಪಾ, ನೀವು ಬಂದಾಗಿನಿಂದ ಬಾರಿಸ್ತಾನೆ ಇದ್ದೆ. ಸೀಟಿ ಆಗಿ ಎಲ್ರೂ ಸುಮ್ನಾದ್ರು. ನಿಮ್ಮ ಸಮಾಳ ನಿಲ್ಲಲಿಲ್ಲ, ಅದಕ್ಕೆ ನಾನೂ ತಟ್ಟೆ ನಿಲ್ಲಿಸಲಿಲ್ಲ. ಇಡೀ ಹರಿಹರ ಸುಮ್ನಿದ್ದಾಗ ನಾವಿಬ್ರೇ ಬಾರಿಸಿದ್ವಿ. ಅತ್ತೆಯವರು ಬಂದು ಕೈ ಹಿಡಿದ್ರೂ ನಾನು ಬಿಡ್ಲಿಲ್ಲ. ಅಷ್ಟು ಮಾಡಿ, ಬಾಗಿಲಿಗೆ ಓಡಿ ಬಂದು ಅಪ್ಪಾ ಅಪ್ಪಾ ಅಂತ ಕೂಗಿದ್ರೆ ತಿರುಗಿ ಕೂಡ ನೋಡ್ದೆ ಹೋದ್ರಿ. ಮೆಣಸಿನಕಾಯಿ ಬುಟ್ಟಿ ತುಂಬ ಹಾಗೇ ಉಳೀತು. ನನ್ನ ಮೇಲೆ ಅಷ್ಟು ಸಿಟ್ಟಿದ್ರೆ ಈ ಸಲ ಪಂಚಮಿಗೆ ನಾನು ಬರಲ್ಲ."

ಜವಳದ ದಿನದ ಮಾತನ್ನೂ ಬರೆದಿದ್ದೀಯ. ಮಾವನವರು ಹಾಗೆಂದಾಗ, "ಸಮಾಳ ನಮ್ಮಪ್ಪಂದು, ತಟ್ಟೆ ನಂದು, ಇಬ್ರನ್ನೂ ಸೇರ್ಸಿ ಹೇಳ್ರಿ" ಎಂದು ನೀನು ಅಲ್ಲೇ ಅಂದೆಯಂತೆ. ದೊಡ್ಡವರ ಮುಂದೆ ಎಂದು ತಲೆ ತಗ್ಗಿಸಿ ಅಂದೆಯಂತೆ. ಆಗ ನಾನು ನಗಲೂ ಇಲ್ಲ ಎಂದು ನಿನಗೆ ಬೇಸರವಾಯಿತಂತೆ.

ಏನು ಹೇಳಲಿ ತಾಯಿ. ಆವತ್ತು ಹೊಳೆಯ ಕಡೆಯಿಂದ ಗಾಳಿ ಜೋರಾಗಿತ್ತು. ತಟ್ಟೆಯ ಸದ್ದನ್ನು ಗಾಳಿ ಹೊತ್ತುಕೊಂಡು ಹೋಯಿತೆಂದು ಕಾಣುತ್ತದೆ. ಜನವೂ ವಿಪರೀತ. ಹಾಗಾಗಿ ನಮ್ಮಿಬ್ಬರ ನಡುವೆ ಹೀಗಾಯಿತು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಎಂದೂ ಇರಲಿಲ್ಲ. ನೀನೂ ಇಟ್ಟುಕೊಳ್ಳಬೇಡ. ಪಂಚಮಿ ಇನ್ನೇನು ಬಂತು. ನಿನ್ನ ತಾಯಿ ಎಳ್ಳು ಹುರಿದಿಟ್ಟಿದ್ದಾಳೆ, ತಂಬಿಟ್ಟಿಗೆ ಬೆಲ್ಲ ತರಿಸಿದ್ದಾಳೆ. ಜೋಕಾಲಿ ಕಟ್ಟಲು ಹಗ್ಗ ನಾನೇ ತಂದಿದ್ದೇನೆ. ಶಬ್ಬೀರನನ್ನು ಕಳಿಸುತ್ತೇನೆ, ಅವನ ಜೊತೆ ಮಗುವನ್ನು ಕರೆದುಕೊಂಡು ಬಂದುಬಿಡು.

ನನಗೂ ಸಾಕಾಗಿದೆ ಉಮಾ. ಮೈಲಪ್ಪ ಈಗಲೂ ನನ್ನನ್ನು ಕಂಡರೆ ಆಚೆ ನಲ್ಲಿಗೆ ಹೋಗಿ ನೀರು ಕುಡಿಯುತ್ತಾನೆ. ನಾನು ಬೇಕೆಂದೇ ಬಾರಿಸಿದೆ, ಮಗಳ ಊರನ್ನು ಗೆಲ್ಲಿಸಿದೆ ಎಂದು ಕೂಡ ಖಾತೆಯಲ್ಲಿ ಕೆಲವರು ಆಡಿಕೊಂಡರು. ಸಮಾಳವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಇನ್ನು ಮೇಳವನ್ನು ಶಬ್ಬೀರ್ ನೋಡಿಕೊಳ್ಳಲಿ, ಅವನಿಗಿನ್ನೂ ರಟ್ಟೆಯಲ್ಲಿ ಬಲವಿದೆ. ನಾನು ಮಿಲ್ಲು, ಮನೆ ಎಂದು ಇದ್ದುಬಿಡುತ್ತೇನೆ.

ಅಳಿಯಂದಿರಿಗೆ, ಕಲ್ಲೇಶಪ್ಪನವರಿಗೆ ನನ್ನ ಶರಣು ತಿಳಿಸು. ಮಗುವಿನ ಕೆನ್ನೆಗೆ ನನ್ನ ಹೆಸರಲ್ಲಿ ಒಂದು ಮುತ್ತು ಕೊಡು. ನಿನ್ನ ಮಡಿಲು ತಂಪಾಗಿರಲಿ, ಹೋದ ಮನೆಯಲ್ಲಿ ನಿನ್ನ ಮಾತು ನಡೆಯಲಿ, ಹರಿಹರೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಉಜ್ಜನಪ್ಪ

ತಾಜಾ ಕಲಂ: ನಿನ್ನ ತಾಯಿ ನೀರಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಇಷ್ಟು ಬರೆದು ಲಕೋಟೆ ಅಂಟಿಸುತ್ತೇನೆ.

ಆವತ್ತು ಗಾಳಿ ಇರಲಿಲ್ಲ. ಧ್ವಜದ ಬಟ್ಟೆ ಕೂಡ ಅಲುಗುತ್ತಿರಲಿಲ್ಲ. ನನ್ನ ಕಿವಿ ಹೋಗಿದೆ ಉಮಾ. ಮಗ್ಗಗಳು ತಿಂದುಬಿಟ್ಟವು. ಮೊದಲು ಸಣ್ಣ ಸದ್ದುಗಳು ಹೋದವು. ಗುಬ್ಬಿಗಳು ಸೂರಿನಲ್ಲಿ ಹಾಗೇ ಇವೆ, ಕೊಕ್ಕು ತೆರೆಯುವುದು ಕಾಣುತ್ತದೆ. ರೇಡಿಯೋ ಕೂಡ ನೆಟ್ಟಗೇ ಇರಬೇಕು. ಸಮಾಳದ ಪೆಟ್ಟು ಕೈಯಿಂದ ಎದೆಗೆ ಬರುತ್ತದೆ, ಅದರಿಂದ ಬಾರಿಸುತ್ತೇನೆ. ರೆಫರಿಯ ಸೀಟಿ ಕೇಳಿಸಲಿಲ್ಲ. ನಿನ್ನ ತಟ್ಟೆ ಕೇಳಿಸಲಿಲ್ಲ. ಬಾಗಿಲಲ್ಲಿ ನೀನು ಅಪ್ಪಾ ಎಂದದ್ದೂ ಕೇಳಿಸಲಿಲ್ಲ.

ಯಾರಿಗೂ ಗೊತ್ತಾಗಿಲ್ಲ. ಮಗ್ಗದ ಖಾತೆಯಲ್ಲಿ ನಾವು ಯಾರೂ ಕಿವಿಯಿಂದ ಮಾತು ಕೇಳುವವರಲ್ಲ, ಆ ಗದ್ದಲದಲ್ಲಿ ತುಟಿ ನೋಡಿಯೇ ತಿಳಿದುಕೊಳ್ಳುವುದು ರೂಢಿ. ಹೊರಗೂ ಅದರಲ್ಲೇ ಕಾಲ ಹಾಕುತ್ತಿದ್ದೇನೆ. ಎದುರಿಗೆ ನಿಂತು ಮಾತಾಡಿದರೆ ಎಲ್ಲ ತಿಳಿಯುತ್ತದೆ. ಜವಳದ ದಿನ ನೀನು ತಲೆ ತಗ್ಗಿಸಿದೆ, ತುಟಿ ಕಾಣಲಿಲ್ಲ. ನಿನ್ನ ತಾಯಿಗೆ ಅನುಮಾನ ಬಂದಿರಬೇಕು, ಇಲ್ಲದಿದ್ದರೆ ಅಷ್ಟು ಯಾಕೆ ಕೂಗುತ್ತಾಳೆ? ನಾನೂ ಕೇಳಿಲ್ಲ, ಅವಳೂ ಹೇಳಿಲ್ಲ. ಮಗುವಿನ ಮಾತು ಮಾತ್ರ ನನಗೆ ದಕ್ಕುವುದಿಲ್ಲ. ಅದರ ತುಟಿ ಇನ್ನೂ ಮಾತಿನಂತೆ ಆಡುವುದಿಲ್ಲ. ಅದು ಅಜ್ಜ ಅನ್ನಲು ಕಲಿತಿದೆ ಎಂದು ಬರೆದಿದ್ದೀಯ. ಚೈತ್ರದಲ್ಲಿ ನನ್ನ ತೊಡೆಯ ಮೇಲೆ ಕೂತು ಏನೇನೋ ಅನ್ನುತ್ತಿತ್ತು, ಅದರಲ್ಲಿ ಅಜ್ಜ ಇತ್ತೋ ಏನೋ. ನಾನು ಸುಮ್ಮನೆ ನಗುತ್ತಿದ್ದೆ.

ಇಡೀ ಹರಿಹರ ಸುಮ್ಮನಿದ್ದಾಗ ನಾವಿಬ್ಬರೇ ಬಾರಿಸಿದೆವು ಎಂದು ಬರೆದೆಯಲ್ಲ, ಆ ಸಾಲನ್ನೇ ಮತ್ತೆ ಮತ್ತೆ ಓದುತ್ತೇನೆ. ಅಲ್ಲೇ ಇದ್ದೆ, ನನಗೆ ಸಿಗಲಿಲ್ಲ.

ಸಮಾಳವನ್ನು ಅಟ್ಟದಿಂದ ಇಳಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ಇಳಿಸಿಕೊಂಡು ಬಂದರೆ ಒಂದು ಕೆಲಸ ಮಾಡು. ತಟ್ಟೆಯನ್ನು ಮೋಟುಗೋಡೆಯ ಮೇಲಕ್ಕೆ ಎತ್ತಿ ಹಿಡಿದು ಬಾರಿಸು, ನನಗೆ ಕಾಣಲಿ.